ವಯಸ್ಸಾದ ಅಪ್ಪ ಅಮ್ಮನ ಜೊತೆ ಮೂರು ದಿನದ ನಗರ ಪ್ರವಾಸ: ಜಾಗಕ್ಕಿಂತ ಮೊದಲು ದಾರಿ ನೋಡಿ

ಪ್ರಶ್ನೆ: ಅಪ್ಪನಿಗೆ 79, ಅಮ್ಮನಿಗೆ 74. ಅಮ್ಮನಿಗೆ ಮಂಡಿನೋವು. ಅಪ್ಪನಿಗೆ ಬಿಪಿ ಇದೆ, ಬೆಳಿಗ್ಗೆ ನೀರಿನ ಮಾತ್ರೆ (ಮೂತ್ರ ಹೆಚ್ಚು ಹೋಗುವಂತೆ ಮಾಡುವಂಥದ್ದು) ತೆಗೆದುಕೊಳ್ಳುತ್ತಾರೆ, ಕಿವಿಗೆ ಮಿಷನ್ ಹಾಕಿಕೊಳ್ಳುತ್ತಾರೆ. ವಿಮಾನದಲ್ಲಿ ಹೋಗಿ ಯಾವುದಾದರೂ ಒಂದು ನಗರದಲ್ಲಿ ಮೂರು ರಾತ್ರಿ ಇದ್ದು ಬರೋಣ ಅಂತ ಆಸೆ. ಊರು ಇನ್ನೂ ನಿರ್ಧಾರ ಆಗಿಲ್ಲ. ದಿನಕ್ಕೆ ನಾಲ್ಕು ಜಾಗ ನೋಡುವ ಲೆಕ್ಕ ಹಾಕಿದ್ದೇನೆ. ಜಾಸ್ತಿ ಆಯಿತಾ? ಇನ್ನೊಂದು ವಿಷಯ, ವೀಲ್‌ಚೇರ್ ಮಾತೆತ್ತಿದರೆ ಅಪ್ಪನಿಗೆ ಸಿಟ್ಟು ಬರುತ್ತದೆ. ಏನು ಮಾಡಲಿ?

ಉತ್ತರ: ಹೌದು, ಜಾಸ್ತಿ ಆಯಿತು. ದಿನಕ್ಕೆ ಒಂದು ಜಾಗ ಸಾಕು. ಸಂಜೆ ಇಬ್ಬರೂ ಗೆಲುವಾಗಿದ್ದರೆ ಇನ್ನೊಂದು ಚಿಕ್ಕದು, ಅದೂ ಕೂತು ನೋಡುವಂಥದ್ದು.

ನಾಲ್ಕು ಜಾಗ ಯಾಕೆ ಆಗುವುದಿಲ್ಲ ಅಂದರೆ, ವಯಸ್ಸಾದವರನ್ನು ಸುಸ್ತು ಮಾಡುವುದು ನೋಡುವ ಜಾಗವಲ್ಲ, ಅಲ್ಲಿಗೆ ಹೋಗುವ ದಾರಿ. ಕಾರು ಇಳಿದಲ್ಲಿಂದ ಗೇಟಿನವರೆಗಿನ ನಡಿಗೆ, ಟಿಕೆಟ್ ಸಾಲಿನಲ್ಲಿ ನಿಲ್ಲುವುದು, ಹಿಡಿದುಕೊಳ್ಳಲು ಏನೂ ಇಲ್ಲದ ಎಂಟು ಮೆಟ್ಟಿಲು, ಎಲ್ಲಿದೆ ಅಂತ ಗೊತ್ತಿಲ್ಲದ ಶೌಚಾಲಯ. ನಾಲ್ಕು ಜಾಗ ಅಂದರೆ ಇದೆಲ್ಲ ನಾಲ್ಕು ಸಲ. ಇವು ಯಾವ ಪ್ರವಾಸದ ಪಟ್ಟಿಯಲ್ಲೂ ಇರುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಇರಲಿ.

ಶುರು ಮಾಡುವುದು ಮನೆಯಿಂದಲೇ. "ನಡೆಯೋಕೆ ಆಗುತ್ತಾ?" ಅಂತ ಕೇಳಬೇಡಿ. ಕೇಳಿದರೆ "ಆಗುತ್ತೆ ಬಿಡು" ಅನ್ನುತ್ತಾರೆ. ಮಕ್ಕಳಿಗೆ ಹೊರೆ ಆಗಬಾರದು ಅನ್ನುವುದು ಅವರ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಅದರ ಬದಲು ಒಂದು ಸಂಜೆ ಇಬ್ಬರ ಜೊತೆ ಸುಮ್ನೆ ವಾಕಿಂಗ್ ಹೋಗಿ. ಅವರ ವೇಗದಲ್ಲೇ ನಡೆಯಿರಿ. ಅಮ್ಮನ ಕಣ್ಣು ಕೂರಲು ಜಾಗ ಹುಡುಕಲು ಯಾವಾಗ ಶುರು ಮಾಡುತ್ತದೆ, ಗಮನಿಸಿ. "ಸ್ವಲ್ಪ ಕೂರೋಣ" ಅಂತ ಬಾಯಿ ಬಿಟ್ಟು ಹೇಳುವುದಕ್ಕೆ ಎಷ್ಟೋ ಮೊದಲೇ ಅದು ಶುರುವಾಗಿರುತ್ತದೆ. ಅಲ್ಲಿಯವರೆಗೆ ಎಷ್ಟು ನಿಮಿಷ ಆಯಿತೋ ಅದರ ಅರ್ಧವನ್ನು ಪ್ರವಾಸದ ಅಳತೆ ಅಂತ ಇಟ್ಟುಕೊಳ್ಳಿ. ಮನೆಯ ಹತ್ತಿರ 20 ನಿಮಿಷ ನಡೆಯುವವರು ಹೊಸ ಊರಿನಲ್ಲಿ, ಹೊಸ ನೆಲದಲ್ಲಿ, ನಿದ್ದೆ ಸರಿ ಇಲ್ಲದ ದಿನ 10 ನಿಮಿಷಕ್ಕೇ ದಣಿಯುತ್ತಾರೆ. ಮೆಟ್ಟಿಲನ್ನೂ ಹೀಗೇ ನೋಡಿ. ಹತ್ತುವುದಕ್ಕಿಂತ ಇಳಿಯುವುದನ್ನು ಹೆಚ್ಚು ಗಮನಿಸಿ. ಮಂಡಿನೋವು ಇರುವ ಎಷ್ಟೋ ಜನರಿಗೆ ಇಳಿಯುವಾಗಲೇ ನೋವು ಜಾಸ್ತಿ. "ಮೇಲಕ್ಕೆ ಲಿಫ್ಟ್, ಕೆಳಕ್ಕೆ ಮೆಟ್ಟಿಲು" ಅನ್ನುವ ಜಾಗಗಳು ಅಮ್ಮನಿಗೆ ಆಗುವುದಿಲ್ಲ.

ಇನ್ನು ಊರು. ಹೆಸರು, ಫೋಟೋ ನೋಡಿ ಆರಿಸಬೇಡಿ. ಮೂರು ವಿಷಯ ಕೇಳಿ. ಊರು ಸಮತಟ್ಟಾಗಿದೆಯಾ? ರಸ್ತೆಯ ನೆಲ ನುಣುಪಾಗಿದೆಯಾ? ಬಸ್ಸು, ರೈಲು ಹತ್ತಲು ಮೆಟ್ಟಿಲು ಎಷ್ಟು?

ಲಿಸ್ಬನ್ ಸುಂದರ ಊರು, ಆದರೆ ಪೂರ್ತಿ ಏರಿಳಿತ. ಅಲ್ಲಿನ ಪಾದಚಾರಿ ದಾರಿಗೆ ಹಾಸಿರುವ ಚಿಕ್ಕ ಕಲ್ಲುಗಳು ಮಳೆ ಬಂದರೆ ಜಾರುತ್ತವೆ. ವೆನಿಸ್‌ನಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಬಹುಪಾಲು ಎಲ್ಲಕ್ಕೂ ಮೆಟ್ಟಿಲು. ಆದರೂ ಅಲ್ಲಿ ಸಾರ್ವಜನಿಕ ದೋಣಿಯಲ್ಲೇ ಓಡಾಡುವ ಹಾಗೆ ಯೋಜನೆ ಹಾಕಿದರೆ ವಯಸ್ಸಾದವರೂ ಆರಾಮಾಗಿ ನೋಡಬಹುದು. ಪ್ಯಾರಿಸ್‌ನ ಮೆಟ್ರೋ ಹಳೆಯದು, ಹೆಚ್ಚಿನ ನಿಲ್ದಾಣಗಳಲ್ಲಿ ಮೆಟ್ಟಿಲೇ ಗತಿ. ಅಲ್ಲಿ ಬಸ್ಸು ವಾಸಿ. ಲಂಡನ್ನಿನಲ್ಲೂ ಅಷ್ಟೇ. ಸುರಂಗ ರೈಲಿನ ಅರ್ಧಕ್ಕಿಂತ ಹೆಚ್ಚು ನಿಲ್ದಾಣಗಳಲ್ಲಿ ಮೆಟ್ಟಿಲು ತಪ್ಪುವುದಿಲ್ಲ. ಆದರೆ ಅಲ್ಲಿನ ಎಲಿಜಬೆತ್ ಲೈನ್ ಅನ್ನುವ ರೈಲು ಮಾರ್ಗದ ಎಲ್ಲ ನಿಲ್ದಾಣಗಳಲ್ಲೂ ರಸ್ತೆಯಿಂದ ಪ್ಲಾಟ್‌ಫಾರ್ಮ್‌ವರೆಗೆ ಮೆಟ್ಟಿಲಿಲ್ಲದೆ ಹೋಗಬಹುದು. ಊರಿನ ಬಸ್ಸುಗಳೆಲ್ಲ ತಗ್ಗು ನೆಲದವು. ವಿಯೆನ್ನಾ ಮತ್ತು ಸಿಂಗಾಪುರದ ಮೆಟ್ರೋ ನಿಲ್ದಾಣಗಳಲ್ಲೆಲ್ಲ ಲಿಫ್ಟ್ ಇದೆ. ಎಲ್ಲರೂ ಓಡಾಡುವಂತೆ ಊರನ್ನು ಸಜ್ಜು ಮಾಡಿದ ನಗರಗಳಿಗೆ ಯುರೋಪಿಯನ್ ಒಕ್ಕೂಟ ಪ್ರತಿ ವರ್ಷ ಒಂದು ಪ್ರಶಸ್ತಿ ಕೊಡುತ್ತದೆ. 2013ರದು ಬರ್ಲಿನ್‌ಗೆ, 2020ರದು ವಾರ್ಸಾಗೆ, 2025ರದು ವಿಯೆನ್ನಾಕ್ಕೆ ಬಂತು. ಯುರೋಪಿನ ಕಡೆ ಹೋಗುವ ಆಲೋಚನೆ ಇದ್ದರೆ ಆ ಪಟ್ಟಿಯಿಂದ ಹುಡುಕಲು ಶುರು ಮಾಡಬಹುದು.

ಇದರ ಅರ್ಥ ಕಷ್ಟದ ಊರಿಗೆ ಹೋಗಲೇಬಾರದು ಅಂತಲ್ಲ. ಅಮ್ಮ ಜೀವಮಾನವೆಲ್ಲ ಒಂದು ಊರು ನೋಡಬೇಕು ಅಂತ ಆಸೆ ಇಟ್ಟುಕೊಂಡಿದ್ದರೆ ಅಲ್ಲಿಗೇ ಹೋಗಿ. ಅಲ್ಲಿ ಏನೇನು ಬಿಡಬೇಕು ಅನ್ನುವುದನ್ನು ಮಾತ್ರ ಹೊರಡುವ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಒಂದೊಂದು ಜಾಗವನ್ನು ಪರೀಕ್ಷಿಸಲು ಫೋನ್ ಸಾಕು. ಗೂಗಲ್ ಮ್ಯಾಪ್ಸ್‌ನಲ್ಲಿ ಬಸ್ಸು, ರೈಲಿನ ದಾರಿ ಹುಡುಕುವಾಗ ವೀಲ್‌ಚೇರ್ ಹೋಗುವ ದಾರಿ ಬೇಕು ಅನ್ನುವ ಆಯ್ಕೆ ಇದೆ. ವೀಲ್‌ಚೇರ್ ಇಲ್ಲದಿದ್ದರೂ ಅದನ್ನೇ ಒತ್ತಿ, ಮಂಡಿನೋವಿನವರಿಗೂ ಅದೇ ದಾರಿ ಒಳ್ಳೆಯದು. ವೀಲ್‌ಮ್ಯಾಪ್ ಅಂತ ಇನ್ನೊಂದು ಉಚಿತ ನಕ್ಷೆ ಇದೆ. 2010ರಲ್ಲಿ ಜರ್ಮನಿಯಲ್ಲಿ ಶುರುವಾದದ್ದು. ಸಲೀಸಾಗಿ ಒಳಗೆ ಹೋಗಬಹುದಾದ ಜಾಗಕ್ಕೆ ಹಸಿರು, ಹೋಗಲಾಗದ್ದಕ್ಕೆ ಕೆಂಪು ಗುರುತು. ಬಳಸುವವರೇ ತುಂಬಿಸುವುದರಿಂದ ಕೆಲವು ಊರುಗಳಲ್ಲಿ ಭರ್ತಿ ಮಾಹಿತಿ, ಕೆಲವು ಕಡೆ ಖಾಲಿ. ಗೂಗಲ್ ಮ್ಯಾಪ್ಸ್‌ನಲ್ಲಿ ರಸ್ತೆಯ ಫೋಟೋ ತೋರಿಸುವ ಸ್ಟ್ರೀಟ್ ವ್ಯೂ ಇದ್ದರೆ ಬಾಗಿಲಿನ ಮುಂದೆಯೇ ನಿಂತು ಮೆಟ್ಟಿಲು ಎಣಿಸಬಹುದು. ಇಳಿಜಾರು ದಾರಿ ಇದೆ ಅಂದರೂ ನಂಬಿ ಕೂರಬೇಡಿ. ಬಹಳ ದೇಶಗಳ ನಿಯಮದಲ್ಲಿರುವ ಅಳತೆ ಒಂದಕ್ಕೆ ಹನ್ನೆರಡು. ಅಂದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಮೂರು ಮೆಟ್ಟಿಲ ಮೇಲೆ ಒಂದು ಚಿಕ್ಕ ಹಲಗೆ ಇಟ್ಟಿದ್ದು ಫೋಟೋದಲ್ಲಿ ಕಂಡರೆ ಅದು ಸಾಮಾನು ಸಾಗಿಸಲು ಇಟ್ಟದ್ದು. ಅಪ್ಪ ಅಮ್ಮನಿಗೆ ಅಲ್ಲ.

ಉಳಿದುಕೊಳ್ಳುವ ರೂಮಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಪ್ರವಾಸ ಚೆನ್ನಾಗಿ ಆಗುವುದೂ ಕೆಡುವುದೂ ಇಲ್ಲೇ.

ನೀವು ಹೆಚ್ಚು ನೋಡಬೇಕು ಅಂದುಕೊಂಡ ಜಾಗದ ಹತ್ತಿರವೇ ರೂಮು ಮಾಡಿ. ಊರಾಚೆ ಅಗ್ಗಕ್ಕೆ ಸಿಗುತ್ತದೆ ಅಂತ ಹೋದರೆ ಮಧ್ಯಾಹ್ನ ವಾಪಸ್ ಬಂದು ಮಲಗಲು ಆಗುವುದಿಲ್ಲ. ಮಧ್ಯಾಹ್ನ ಮಲಗಲು ಆಗದಿದ್ದರೆ ಸಂಜೆ ಅನ್ನುವುದೇ ಇರುವುದಿಲ್ಲ. ಎಲ್ಲಿ ಬೇಕಾದರೂ ದುಡ್ಡು ಉಳಿಸಿ. ರೂಮಿನ ಜಾಗಕ್ಕೂ ಟ್ಯಾಕ್ಸಿಗೂ ಮಾತ್ರ ಕೈ ಬಿಗಿ ಮಾಡಬೇಡಿ.

ಬುಕ್ ಮಾಡುವ ಮೊದಲು ಹೋಟೆಲಿಗೆ ನೀವೇ ಫೋನ್ ಮಾಡಿ. "ವಯಸ್ಸಾದವರಿಗೆ ಅನುಕೂಲ ಇದೆಯಾ?" ಅಂದರೆ ಎಲ್ಲರೂ ಇದೆ ಅಂತಲೇ ಹೇಳುತ್ತಾರೆ. "ಲಿಫ್ಟ್ ಇದೆಯಾ?" ಅನ್ನುವುದೂ ಸಾಲದು. ಲಿಫ್ಟ್ ಇರುತ್ತದೆ, ಆದರೆ ಅದರ ಬಾಗಿಲಿಗೆ ಹೋಗಲು ಐದು ಮೆಟ್ಟಿಲು ಹತ್ತಬೇಕು. ಕೇಳಬೇಕಾದ ಪ್ರಶ್ನೆ ಇದು: "ಕಾರಿನಿಂದ ಇಳಿದು ರೂಮಿನ ಹಾಸಿಗೆಯವರೆಗೆ ಒಟ್ಟು ಎಷ್ಟು ಮೆಟ್ಟಿಲು?" ಈ ಪ್ರಶ್ನೆಗೆ ಉತ್ತರ ಕೊಡಲು ಅವರು ಎದ್ದು ಹೋಗಿ ನೋಡಬೇಕಾಗುತ್ತದೆ. ಎದ್ದು ಹೋಗಿ ಎಣಿಸಿ ಹೇಳಿದವರ ಹೋಟೆಲನ್ನು ನಾನಾದರೆ ಕಣ್ಣು ಮುಚ್ಚಿ ಬುಕ್ ಮಾಡುತ್ತೇನೆ.

ಆಮೇಲೆ ಬಚ್ಚಲುಮನೆಯ ಫೋಟೋ ಕಳಿಸಲು ಹೇಳಿ. ವೆಬ್‌ಸೈಟಿನದ್ದಲ್ಲ, ನಿಮಗೆ ಕೊಡುವ ರೂಮಿನದ್ದೇ. ದೊಡ್ಡ ತೊಟ್ಟಿಯೊಳಗೆ ಕಾಲೆತ್ತಿ ಇಟ್ಟು ಸ್ನಾನ ಮಾಡುವ ಹಾಗಿದ್ದರೆ ಆ ರೂಮು ಬೇಡ. ಒದ್ದೆ ಕಾಲಿನಲ್ಲಿ ಒಂದೂವರೆ ಅಡಿ ಗೋಡೆ ದಾಟುವುದು ಮಂಡಿನೋವಿನವರಿಗೆ ನಿಜಕ್ಕೂ ಅಪಾಯ. ನೆಲದ ಮಟ್ಟದಲ್ಲೇ ಶವರ್, ಕೂತು ಸ್ನಾನ ಮಾಡಲು ಒಂದು ಪ್ಲಾಸ್ಟಿಕ್ ಸ್ಟೂಲು, ಜಾರದ ಮ್ಯಾಟು, ಕಮೋಡಿನ ಪಕ್ಕ ಗೋಡೆಗೆ ಹಿಡಿಕೆ. ಇಷ್ಟಿರಲಿ. ಹಿಡಿಕೆ ಬೇರೆ, ಟವೆಲ್ ಹಾಕುವ ಸರಳು ಬೇರೆ. ಆ ಸರಳು ಮೈಭಾರ ತಡೆಯುವುದಿಲ್ಲ, ಕಿತ್ತು ಬರುತ್ತದೆ. ಇದನ್ನು ಅಪ್ಪ ಅಮ್ಮನಿಗೂ ಬಿಡಿಸಿ ಹೇಳಿ. ಹಾಸಿಗೆಯ ಅಂಚಿನಲ್ಲಿ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು. ನೆಲದಿಂದ ಸುಮಾರು 45ರಿಂದ 50 ಸೆಂಟಿಮೀಟರ್ ಎತ್ತರ ಇದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಮೊದಲ ರಾತ್ರಿ ಮಲಗುವ ಮೊದಲು ದೀಪ ಆರಿಸಿ ಒಮ್ಮೆ ಹಾಸಿಗೆಯಿಂದ ಬಚ್ಚಲಿಗೆ ನಡೆದು ನೋಡಿ. ಅಂಚು ಮಡಚಿದ ಕಾರ್ಪೆಟ್ಟು, ದಾರಿಯಲ್ಲಿಟ್ಟ ಸೂಟ್‌ಕೇಸು, ನೆಲದ ಮೇಲೆ ಎಳೆದ ಚಾರ್ಜರಿನ ವೈರು, ಎಲ್ಲ ಆಗ ಸಿಗುತ್ತವೆ. ಅವನ್ನು ತೆಗೆದಿಡಿ. ಸಾಕೆಟ್ಟಿಗೆ ಸಿಕ್ಕಿಸುವ ಚಿಕ್ಕ ರಾತ್ರಿ ದೀಪ ಒಂದನ್ನು ಮನೆಯಿಂದಲೇ ತೆಗೆದುಕೊಂಡು ಹೋಗಿ. ಪ್ರವಾಸಕ್ಕೆ ಕೊಳ್ಳುವ ಸಾಮಾನುಗಳಲ್ಲಿ ಅತಿ ಅಗ್ಗದ್ದು, ಅತಿ ಉಪಯೋಗದ್ದು ಅದೇ.

ಈಗ ಅಪ್ಪನ ವೀಲ್‌ಚೇರ್ ಸಿಟ್ಟಿಗೆ ಬರೋಣ. ಆ ಸಿಟ್ಟು ಸಹಜ. "ನಡೆಯೋಕೆ ಆಗದವನು" ಅನ್ನುವ ಹಣೆಪಟ್ಟಿ ಯಾರಿಗೆ ಬೇಕು ಹೇಳಿ? ಆದರೆ ವಿಮಾನ ನಿಲ್ದಾಣದ ನೆರವು ಮೂರು ತರಹ ಇದೆ ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ. ಮೆಟ್ಟಿಲು ಹತ್ತಬಲ್ಲೆ, ವಿಮಾನದೊಳಗೆ ನಡೆಯಬಲ್ಲೆ, ಆದರೆ ಉದ್ದನೆಯ ದೂರ ಕಷ್ಟ ಅನ್ನುವವರಿಗೆ ಡಬ್ಲ್ಯೂಸಿಎಚ್‌ಆರ್. ಮೆಟ್ಟಿಲೂ ಆಗದವರಿಗೆ ಡಬ್ಲ್ಯೂಸಿಎಚ್‌ಎಸ್. ಸೀಟಿನವರೆಗೂ ಕೂರಿಸಿಕೊಂಡೇ ಹೋಗಬೇಕಾದವರಿಗೆ ಡಬ್ಲ್ಯೂಸಿಎಚ್‌ಸಿ. ವಿಮಾನ ಕಂಪನಿಗಳೆಲ್ಲ ಬಳಸುವ ಸಂಕೇತಗಳು ಇವು. ನಿಮ್ಮ ಅಪ್ಪ ಅಮ್ಮ ಇಬ್ಬರಿಗೂ ಬೇಕಾದದ್ದು ಬಹುಶಃ ಮೊದಲನೆಯದು. ಅಮ್ಮ ಮೆಟ್ಟಿಲು ಇಳಿಯಲು ತುಂಬಾ ಕಷ್ಟಪಡುತ್ತಿದ್ದರೆ ಅವರಿಗೆ ಎರಡನೆಯದು ಕೇಳಿ. ಇಲ್ಲದಿದ್ದರೆ ವಿಮಾನದ ಏಣಿಯ ಬುಡದಲ್ಲಿ ಬಿಟ್ಟು ಹೋಗುತ್ತಾರೆ. ಟಿಕೆಟ್ ಮಾಡುವಾಗಲೇ ಹೇಳಿಬಿಡಿ. ತಡ ಅಂದರೂ ಹೊರಡುವ 48 ಗಂಟೆ ಮೊದಲು ತಿಳಿಸಿರಬೇಕು.

ಅಪ್ಪನಿಗೆ ಹೇಳುವ ರೀತಿ ಮುಖ್ಯ. "ನಿಮಗೆ ಆಗಲ್ಲ, ಕೂತ್ಕೊಳ್ಳಿ" ಅಂದರೆ ಒಪ್ಪುವುದಿಲ್ಲ. "ಊರು ನೋಡಲು ಕಾಲಿನ ಶಕ್ತಿ ಉಳಿಸಿಕೊಳ್ಳೋಣ, ಏರ್‌ಪೋರ್ಟಿನಲ್ಲಿ ಯಾಕೆ ಖರ್ಚು ಮಾಡಬೇಕು?" ಅಂತ ಕೇಳಿ. ಇದು ನೆಪ ಅಲ್ಲ, ನಿಜ. ದೊಡ್ಡ ನಿಲ್ದಾಣಗಳಲ್ಲಿ ಬಾಗಿಲಿನಿಂದ ವಿಮಾನದವರೆಗೆ ಒಂದು ಕಿಲೋಮೀಟರ್ ದಾಟುವುದು ಮಾಮೂಲು. ಅದರ ಮೇಲೆ ತಪಾಸಣೆಯ ಸಾಲು ಬೇರೆ. ಊರಿನೊಳಗೆ ಓಡಾಡಲು ಇಬ್ಬರಿಗೂ ಸೀಟಿರುವ ನಾಲ್ಕು ಚಕ್ರದ ವಾಕರ್ ಒಳ್ಳೆಯದು. ತಳ್ಳಿಕೊಂಡು ನಡೆಯಬಹುದು, ದಣಿದಾಗ ಬ್ರೇಕ್ ಹಾಕಿ ಅದರ ಮೇಲೇ ಕೂರಬಹುದು. ಕೂರಿಸಿಕೊಂಡು ತಳ್ಳಲು ಮಾತ್ರ ಹೋಗಬೇಡಿ, ಅದು ಅದಕ್ಕೆ ಮಾಡಿದ್ದಲ್ಲ, ಪಲ್ಟಿ ಹೊಡೆಯುತ್ತದೆ.

ಪ್ರಯಾಣ ನಾಲ್ಕು ಗಂಟೆಗಿಂತ ಹೆಚ್ಚಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸ್ವಲ್ಪ ಏರುತ್ತದೆ. ಆಗಾಗ ಪಾದ ಆಡಿಸಬೇಕು, ಎದ್ದು ಓಡಾಡಬೇಕು. ನಡುವಿನ ದಾರಿ ಪಕ್ಕದ ಸೀಟು ಕೇಳಿ. ಹೃದಯ, ಶ್ವಾಸಕೋಶದ ತೊಂದರೆ ಇದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ, ಟಿಕೆಟ್ ಮಾಡುವ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ. ವಿಮಾನದೊಳಗಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇದ್ದಷ್ಟು ಕಡಿಮೆ ಇರುತ್ತದೆ.

ಮಾತ್ರೆಗಳೆಲ್ಲ ಕೈಚೀಲದಲ್ಲೇ ಇರಲಿ, ಹೆಸರು ಅಚ್ಚಾಗಿರುವ ಅವುಗಳ ಸ್ಟ್ರಿಪ್ಪಿನಲ್ಲೇ ಇರಲಿ, ಮೂರು ದಿನದ್ದು ಹೆಚ್ಚಿಗೆ ಇರಲಿ. ಡಾಕ್ಟರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇದ್ದರೆ ಯಾವ ಊರಿನ ಡಾಕ್ಟರಿಗೂ ಅರ್ಥವಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಲಗೇಜಿಗೆ ಹಾಕಲೇಬಾರದು. ಸಾಮಾನಿನ ಗೂಡಿನಲ್ಲಿ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬರುವುದಿಲ್ಲ. ವಿಮೆ ಮಾಡಿಸುವಾಗ ಬಿಪಿ, ಮಂಡಿ ಎಲ್ಲ ಬರೆಯಿಸಿ. ಮುಚ್ಚಿಟ್ಟರೆ ಕ್ಲೇಮ್ ಸಿಗುವುದಿಲ್ಲ.

ಅಪ್ಪನ ನೀರಿನ ಮಾತ್ರೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಹೆಚ್ಚು ಬಳಕೆಯಲ್ಲಿರುವ ಫ್ಯೂರೋಸಮೈಡ್ ಥರದ ಮಾತ್ರೆ ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ, ಸುಮಾರು ಆರು ಗಂಟೆ ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಮಾತ್ರೆ, ಒಂಬತ್ತಕ್ಕೆ ಬಸ್ಸು ಅಂದರೆ ಏನಾಗುತ್ತದೆ ಯೋಚಿಸಿ. ಅಪ್ಪ ಬಾಯಿ ಬಿಟ್ಟು ಹೇಳುವುದಿಲ್ಲ. ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ, ಇಲ್ಲ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಎರಡೂ ಕೆಟ್ಟದ್ದು. ವಯಸ್ಸಾದ ಮೇಲೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. ಅದರ ಮೇಲೆ ಬೇಕಂತಲೇ ನೀರು ಬಿಟ್ಟರೆ ತಲೆ ಸುತ್ತಿ ಬೀಳುತ್ತಾರೆ. ಮಾತ್ರೆಯ ಹೊತ್ತನ್ನು ಬೇಗ ಮಾಡಬಹುದಾ, ಮಧ್ಯಾಹ್ನಕ್ಕೆ ತಳ್ಳಬಹುದಾ ಅಂತ ಅವರ ಡಾಕ್ಟರನ್ನು ಕೇಳಿ. ಎಷ್ಟೋ ಸಲ ಒಪ್ಪುತ್ತಾರೆ. ನೀವಾಗಿ ಬದಲಾಯಿಸಬೇಡಿ.

ಇನ್ನೊಂದು ಕಡೆಯಿಂದ, ದಾರಿಯ ಶೌಚಾಲಯಗಳನ್ನು ನಕ್ಷೆಯಲ್ಲಿ ಮೊದಲೇ ಗುರುತು ಮಾಡಿ. ದೊಡ್ಡ ಅಂಗಡಿ ಮಳಿಗೆ, ಮ್ಯೂಸಿಯಂ, ರೈಲು ನಿಲ್ದಾಣ, ಹೋಟೆಲಿನ ಲಾಬಿ. ಅಪ್ಪನಿಗೂ ತೋರಿಸಿ. ಶೌಚಾಲಯ ಎಲ್ಲಿದೆ ಅಂತ ಗೊತ್ತಿದ್ದರೆ ಧೈರ್ಯವಾಗಿ ನೀರು ಕುಡಿಯುತ್ತಾರೆ. ಪ್ರತಿ ಸಲ ಅವರು ಕೇಳುವವರೆಗೆ ಕಾಯಬೇಡಿ. "ನಾನೊಂದು ಸಲ ಹೋಗಿ ಬರ್ತೀನಿ, ನೀವೂ ಬನ್ನಿ" ಅಂದರೆ ಮುಗಿಯಿತು.

ದಿನ ಹೇಗಿರಬೇಕು? ಬೆಳಿಗ್ಗೆ ನಿಧಾನವಾಗಿ ಏಳಿ. ಜನ ಸೇರುವ ಮೊದಲು, ಅಂದರೆ ಬಾಗಿಲು ತೆಗೆಯುವ ಹೊತ್ತಿಗೆ, ಆ ದಿನದ ಒಂದು ಜಾಗಕ್ಕೆ ಹೋಗಿ. ಒಂದೂವರೆ ಗಂಟೆ, ಹೆಚ್ಚೆಂದರೆ ಎರಡು. ಊಟ. ರೂಮಿಗೆ ವಾಪಸ್. ವಯಸ್ಸಾದವರಲ್ಲಿ, ಅದರಲ್ಲೂ ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಊಟವಾದ ಮೇಲಿನ ಒಂದೆರಡು ಗಂಟೆ ರಕ್ತದ ಒತ್ತಡ ಇಳಿಯುವುದುಂಟು. ಹೊಟ್ಟೆ ತುಂಬಾ ಉಂಡು ತಕ್ಷಣ ಎದ್ದು ಬಿಸಿಲಿಗೆ ಹೊರಟರೆ ತೂರಾಡುತ್ತಾರೆ. ಮಧ್ಯಾಹ್ನದ ನಿದ್ದೆ ಅವರ ಸೋಮಾರಿತನ ಅಲ್ಲ. ಸಂಜೆ ದೋಣಿ, ಉದ್ಯಾನ, ಸಂಗೀತ ಕಛೇರಿ, ಇಲ್ಲ ಕಿಟಕಿ ಪಕ್ಕ ಕೂತು ಟ್ರಾಮಿನಲ್ಲಿ ಒಂದು ಸುತ್ತು. ಊರು ತೋರಿಸುವ ಡಬಲ್ ಡೆಕ್ಕರ್ ಬಸ್ಸಿನಲ್ಲಿ ಕೆಳಗಿನ ಸೀಟೇ ಇರಲಿ. ಆ ಬಸ್ಸಿನ ಮೆಟ್ಟಿಲು ಕಡಿದಾಗಿರುತ್ತದೆ, ಬಸ್ಸು ಚಲಿಸುತ್ತಲೂ ಇರುತ್ತದೆ.

ಮ್ಯೂಸಿಯಮ್ಮಿನ ಬಗ್ಗೆ ಒಂದು ಮಾತು. ಅಲ್ಲಿ ನಡೆಯುವುದಕ್ಕಿಂತ ನಿಂತು ನಿಂತು ಸಾಗುವುದೇ ಸೊಂಟಕ್ಕೂ ಮಂಡಿಗೂ ಕಷ್ಟ. ದೊಡ್ಡ ಮ್ಯೂಸಿಯಂಗಳು ಮಡಚುವ ಸ್ಟೂಲು, ವೀಲ್‌ಚೇರ್ ಎರವಲು ಕೊಡುತ್ತವೆ. ಪ್ಯಾರಿಸ್‌ನ ಲೂವ್ರ್, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಎರಡರಲ್ಲೂ ಈ ಸೌಲಭ್ಯ ಉಂಟು. ಕೇಳಿದರೆ ಸಿಗುತ್ತದೆ, ಕೇಳದಿದ್ದರೆ ಯಾರೂ ತಂದುಕೊಡುವುದಿಲ್ಲ. ಮುಚ್ಚುವ ದಿನವನ್ನೂ ನೋಡಿಕೊಳ್ಳಿ. ಬಹಳ ಊರುಗಳಲ್ಲಿ ಸೋಮವಾರ ರಜೆ, ಲೂವ್ರ್‌ಗೆ ಮಂಗಳವಾರ. ಅಪ್ಪನ ಕಿವಿಯ ಮಿಷನ್ನಿನಲ್ಲಿ ಟಿ ಅನ್ನುವ ಸ್ವಿಚ್ ಇದೆಯಾ ಅಂತ ಹೊರಡುವ ಮೊದಲು ಕೇಳಿಸಿ. ಇದ್ದರೆ, ಕಿವಿಯ ಚಿತ್ರದ ಪಕ್ಕ ಟಿ ಅಕ್ಷರ ಇರುವ ಬೋರ್ಡು ಕಂಡ ಕಡೆ ಅದನ್ನು ಹಾಕಿಕೊಂಡರೆ ಮಾತು ಗದ್ದಲವಿಲ್ಲದೆ ನೇರವಾಗಿ ಮಿಷನ್ನಿಗೇ ಬರುತ್ತದೆ. ನಾಟಕಮಂದಿರ, ಟಿಕೆಟ್ ಕೌಂಟರುಗಳಲ್ಲಿ ಈ ಬೋರ್ಡು ನೋಡಿ. ಅವರದು ಬ್ಯಾಟರಿ ಬದಲಾಯಿಸುವಂಥದ್ದಾದರೆ ಎರಡು ಜೊತೆ ಹೆಚ್ಚಿಗೆ ಒಯ್ಯಿರಿ.

ರಸ್ತೆ ದಾಟುವಾಗ ಹುಷಾರು. ಹಲವು ದೇಶಗಳಲ್ಲಿ ಸಿಗ್ನಲ್ಲಿನ ಹಸಿರು ದೀಪದ ಸಮಯವನ್ನು ಸೆಕೆಂಡಿಗೆ ಸುಮಾರು 1.2 ಮೀಟರ್ ನಡಿಗೆಯ ಲೆಕ್ಕದಲ್ಲಿ ಇಟ್ಟಿರುತ್ತಾರೆ. 12 ಮೀಟರ್ ರಸ್ತೆಗೆ 10 ಸೆಕೆಂಡು. ಅಮ್ಮ ಸೆಕೆಂಡಿಗೆ 0.8 ಮೀಟರ್ ನಡೆದರೆ ಅವರಿಗೆ 15 ಸೆಕೆಂಡು ಬೇಕು. ಆಗಲೇ ಹಸಿರಾಗಿರುವ ದೀಪ ನೋಡಿ ಹೊರಡಬೇಡಿ. ಕೆಂಪಾಗಲು ಬಿಡಿ, ಮುಂದಿನ ಹಸಿರು ಬಂದ ಕ್ಷಣಕ್ಕೆ ಕಾಲಿಡಿ.

ಎಲ್ಲರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕು ಅಂತಿಲ್ಲ, ಅಲ್ವಾ? ಗೋಪುರದ ಮೇಲೆ ಹೋಗಲು ಅಪ್ಪನಿಗೆ ಆಸೆ, ಅಮ್ಮನಿಗೆ ಆಗುವುದಿಲ್ಲ ಅಂದರೆ ಅಮ್ಮನನ್ನು ನೆರಳಿನ ಬೆಂಚಿನಲ್ಲಿ ಕೂರಿಸಿ, ಫೋನ್ ಕೈಯಲ್ಲಿ ಕೊಟ್ಟು ಹೋಗಿ. ಅರ್ಧ ಗಂಟೆ ಅವರು ಜನರನ್ನು ನೋಡುತ್ತಾ ಖುಷಿಯಾಗಿರುತ್ತಾರೆ. ಇಬ್ಬರ ಜೇಬಿನಲ್ಲೂ ಹೋಟೆಲಿನ ವಿಳಾಸ, ನಿಮ್ಮ ಫೋನ್ ನಂಬರು ಬರೆದ ಚೀಟಿ ಇರಲಿ. ಪಟ್ಟಿ ಮಾಡುವಾಗಲೂ ಅವರನ್ನೇ ಕೇಳಿ. ಇಬ್ಬರೂ ಒಂದೊಂದು ಜಾಗ ಆರಿಸಲಿ, ನೀವು ಒಂದು. ಮೂರು ದಿನಕ್ಕೆ ಮೂರು ಜಾಗ ಆಯಿತು.

ಕೊನೆಯ ದಿನವನ್ನು ಈಗಲೇ ಬಂದೋಬಸ್ತ್ ಮಾಡಿಕೊಳ್ಳಿ, ಬಹಳ ಜನ ಮರೆಯುವುದು ಇದನ್ನೇ. ಬೆಳಿಗ್ಗೆ 11ಕ್ಕೆ ರೂಮು ಬಿಡಬೇಕು, ವಿಮಾನ ಸಂಜೆ ಏಳಕ್ಕೆ. ನಡುವಿನ ಹೊತ್ತು ಅಪ್ಪ ಅಮ್ಮ ಲಾಬಿಯ ತಗ್ಗು ಸೋಫಾದಲ್ಲಿ ಮುದುಡಿ ಕೂರಬೇಕಾಗುತ್ತದೆ. ಬುಕ್ ಮಾಡುವಾಗಲೇ ರೂಮನ್ನು ಮಧ್ಯಾಹ್ನ ಮೂರರವರೆಗೆ ಕೇಳಿ. ಹೆಚ್ಚಿಗೆ ದುಡ್ಡು ಕೇಳಿದರೆ ಕೊಡಿ. ಅದೂ ಆಗದಿದ್ದರೆ ವಿಮಾನವನ್ನೇ ಮಧ್ಯಾಹ್ನದ್ದಕ್ಕೆ ಬದಲಾಯಿಸಿ. ಏರ್‌ಪೋರ್ಟಿನ ವೀಲ್‌ಚೇರ್ ನೆರವನ್ನು ಬರುವ ಟಿಕೆಟ್ಟಿಗೂ ಹಾಕಿದ್ದಾರಾ ಅಂತ ಹೊರಡುವ ಮುನ್ನ ಇನ್ನೊಂದು ಸಲ ನೋಡಿ. ಹೋಗುವಾಗಿನ ಟಿಕೆಟ್ಟಿಗೆ ಮಾತ್ರ ಹಾಕಿ ಬಿಟ್ಟಿರುವುದುಂಟು.